ಕೆಂಪು ಮಣ್ಣಿನ ಊರಲ್ಲಿ ಕಾರು ತೊಳೆಯಲು ಶಾಂಪೂ ಯಾವುದು, ಒರೆಸಲು ಬಟ್ಟೆ ಯಾವುದು

ಕಾರಿನ ಬಣ್ಣಕ್ಕೆ ಗೀರು ಬೀಳುವುದು ರಸ್ತೆಯಲ್ಲಿ ಕಡಿಮೆ, ಮನೆಯ ಅಂಗಳದಲ್ಲಿ ಹೆಚ್ಚು. ತೊಳೆಯುವಾಗ ಒಂದಿಷ್ಟು ಬೀಳುತ್ತದೆ, ಒರೆಸುವಾಗ ಅದಕ್ಕಿಂತ ಹೆಚ್ಚು. ಕಪ್ಪು ಅಥವಾ ಕಡುನೀಲಿ ಕಾರನ್ನು ಬಿಸಿಲಿಗೆ ನಿಲ್ಲಿಸಿ ಬಾನೆಟ್ ನೋಡಿದರೆ ಜೇಡರ ಬಲೆಯಂತೆ ಸುತ್ತುಸುತ್ತು ಗೆರೆಗಳು ಕಾಣುತ್ತವಲ್ಲ, ಅವುಗಳಲ್ಲಿ ಬಹುಪಾಲು ಬಟ್ಟೆಯಿಂದಾದವು. ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಗೀರು ತೆಗೆಯಲೆಂದು ಪಾಲಿಶ್ ಮಾಡಿಸಿದಾಗಲೆಲ್ಲ ಈ ಪದರವೇ ಸವೆಯುತ್ತದೆ. ಗೀರು ಬೀಳದಂತೆ ನೋಡಿಕೊಳ್ಳುವುದೇ ಸರಿ.

ಕಾಸರಗೋಡು ಜಿಲ್ಲೆಯಲ್ಲಿ ಈ ವಿಷಯಕ್ಕೆ ಇನ್ನಷ್ಟು ಗಮನ ಬೇಕು. ಇಲ್ಲಿನ ಧೂಳು ಮುರಕಲ್ಲಿನ, ಅಂದರೆ ಕೆಂಪು ಲ್ಯಾಟರೈಟ್ ಕಲ್ಲಿನ, ಧೂಳು. ಅದರಲ್ಲಿ ಕಬ್ಬಿಣದ ಆಕ್ಸೈಡ್ ಇದೆ, ಜೇಡಿಯಿದೆ, ಜೊತೆಗೆ ಕ್ವಾರ್ಟ್ಸ್ ಮರಳಿನ ಕಣಗಳೂ ಇವೆ. ಗಡಸುತನದ ಮೋಸ್ ಅಳತೆಯಲ್ಲಿ ಕ್ವಾರ್ಟ್ಸ್ 7ನೇ ಸ್ಥಾನದಲ್ಲಿದೆ, ಕಿಟಕಿಯ ಗಾಜು ಸುಮಾರು ಐದೂವರೆ. ಗಾಜಿಗೇ ಗೀರು ಹಾಕಬಲ್ಲ ಕಣದ ಮುಂದೆ ಕ್ಲಿಯರ್ ಕೋಟ್ ನಿಲ್ಲುವುದಿಲ್ಲ. ಕಲ್ಲಿನ ಕೋರೆಗಳ ಪಕ್ಕದ ರಸ್ತೆಯಲ್ಲಿ ದಿನಾ ಓಡಾಡುವ ಕಾರುಗಳ ಬಾಗಿಲಿನ ಕೆಳಭಾಗ ಮುಟ್ಟಿ ನೋಡಿದರೆ ಕೈಗೆ ಸಿಗುವ ತರಿತರಿ ಇದೇ.

ಹಾಗಾಗಿ ಶಾಂಪೂವಿನ ಮೊದಲ ಕೆಲಸ ಕೊಳೆ ಕರಗಿಸುವುದಕ್ಕಿಂತ ಹೆಚ್ಚಾಗಿ ಆ ಕಣಗಳನ್ನು ಬಣ್ಣದಿಂದ ಎಬ್ಬಿಸಿ ಜಾರಿಸುವುದು. ಟವೆಲಿನ ಕೆಲಸ ಒತ್ತಡ ಹಾಕದೆ ನೀರನ್ನು ಹೀರುವುದು. ಅಂಗಡಿಯಲ್ಲಿ ಯಾವುದನ್ನು ಕೊಂಡರೂ ಈ ಎರಡು ಗುಣಗಳನ್ನೇ ನೋಡಬೇಕು. ಪರಿಮಳ, ಬಣ್ಣ, ನೊರೆಯ ಎತ್ತರ ಯಾವುದೂ ಲೆಕ್ಕಕ್ಕಿಲ್ಲ.

ಶಾಂಪೂ ಹುಡುಕುವ ಮೊದಲು ಮನೆಯ ನೀರನ್ನು ನೋಡಿ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ನೀರಿಗೆಂದು ಗುಡ್ಡದೊಳಕ್ಕೆ ಅಡ್ಡಲಾಗಿ ತೋಡಿದ ಸುರಂಗದ ನೀರಿರುವ ಮನೆಯವರು ಅದೃಷ್ಟವಂತರು. ಆ ನೀರು ಮೆದು, ಅದರಲ್ಲಿ ಕರಗಿದ ಲವಣ ಕಡಿಮೆ, ಒಣಗಿದರೆ ಕಲೆ ಉಳಿಯುವುದು ಅಪರೂಪ. ಮುರಕಲ್ಲಿನಲ್ಲಿ ತೋಡಿದ ಬಾವಿಯ ನೀರೂ ಹೆಚ್ಚಾಗಿ ಹಾಗೆಯೇ. ಬೋರ್‌ವೆಲ್ ನೀರಿನ ಕತೆ ಬೇರೆ. ಅದು ಗಡಸಾಗಿರಬಹುದು, ಕಬ್ಬಿಣದ ಅಂಶವೂ ಇರಬಹುದು. ಕಬ್ಬಿಣ ಇರುವ ನೀರು ಪಂಪಿನಿಂದ ಬರುವಾಗ ತಿಳಿಯಾಗಿರುತ್ತದೆ, ಗಾಳಿ ತಾಗಿದ ಮೇಲೆ ಹಳದಿ ತಿರುಗುತ್ತದೆ. ಬಿಳಿ ಕಾರಿನ ಡಿಕ್ಕಿಯ ಅಂಚಿನಲ್ಲಿ, ನಂಬರ್ ಪ್ಲೇಟಿನ ಕೆಳಗೆ ಇಳಿದ ತುಕ್ಕಿನ ಬಣ್ಣದ ಗೆರೆಗೆ ಎಷ್ಟೋ ಸಲ ಈ ನೀರೇ ಕಾರಣ, ತಗಡು ತುಕ್ಕು ಹಿಡಿದದ್ದಲ್ಲ. ಕುಂಬಳೆ, ಮೊಗ್ರಾಲ್, ಉಪ್ಪಳದಂಥ ಕಡಲ ಬದಿಯಲ್ಲಿ, ಹೊಳೆಯ ಅಳಿವೆಗೆ ಹತ್ತಿರದ ಬಾವಿಗಳಲ್ಲಿ ಏಪ್ರಿಲ್‌, ಮೇ ಹೊತ್ತಿಗೆ ಉಪ್ಪು ಏರಬಹುದು.

ಪರೀಕ್ಷೆ ಸುಲಭ. ಒಂದು ಗಾಜಿನ ತುಂಡನ್ನು ಚೆನ್ನಾಗಿ ಒರೆಸಿ, ಅದರ ಮೇಲೆ ಒಂದು ಚಮಚ ನೀರು ಹಾಕಿ ಬಿಸಿಲಲ್ಲಿ ಒಣಗಲು ಬಿಡಿ. ಬಿಳಿ ಉಂಗುರ ಉಳಿದರೆ ಗಡಸು ನೀರು ಅಥವಾ ಉಪ್ಪು, ಹಳದಿ ಉಳಿದರೆ ಕಬ್ಬಿಣ, ಏನೂ ಕಾಣದಿದ್ದರೆ ಚಿಂತೆಯಿಲ್ಲ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಅಂಕಿಯೇ ಸಿಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಕುಡಿಯಲು ಅದು ಸರಿಯಿರಬಹುದು, ಕಾರಿಗೆ ಅದು ಜಾಸ್ತಿ. ತೊಳೆದ ಕಾರಿನ ಮೇಲೆ ಅಂಥ ನೀರು 200 ಮಿಲಿಲೀಟರ್ ಉಳಿದು ಒಣಗಿತು ಅಂದುಕೊಳ್ಳಿ, 100 ಮಿಲಿಗ್ರಾಂ ಲವಣ ಬಣ್ಣದ ಮೇಲೆ ಕೂರುತ್ತದೆ. ಮೀಟರಿನ ಅಂಕಿ 100ರ ಒಳಗಿದ್ದರೆ ತೀರಾ ಅವಸರ ಮಾಡಬೇಕಿಲ್ಲ, 300 ದಾಟಿದರೆ ನೆರಳಲ್ಲಿ ತೊಳೆದು ಕೂಡಲೇ ಒರೆಸಲೇಬೇಕು.

ನೀರು ಗಡಸಾಗಿದ್ದರೆ ಒಂದು ಉಪಾಯವಿದೆ. ತೊಳೆಯುವುದೆಲ್ಲ ಬೋರ್‌ವೆಲ್ ನೀರಿನಲ್ಲೇ ಆಗಲಿ, ಕೊನೆಯ ಸುತ್ತಿಗೆ ಮಾತ್ರ ಹತ್ತು ಲೀಟರ್ ಮಳೆನೀರು ಹಿಡಿದಿಡಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಜಿಲ್ಲೆಯಲ್ಲಿ ಜೂನಿನಿಂದ ಅಕ್ಟೋಬರಿನವರೆಗೆ ಇದಕ್ಕೆ ಕೊರತೆಯಿಲ್ಲ. ಹಂಚಿನಿಂದ ಇಳಿಯುವ ಮೊದಲ ಹತ್ತು ನಿಮಿಷದ ನೀರನ್ನು ಬಿಟ್ಟು, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ತುಂಬಿದರೆ ಸಾಕು. ಗಿಡಗಳಿಗೆ ನೀರು ಹಾಕುವ ಕ್ಯಾನಿನಲ್ಲಿ ಕಾರಿನ ಟಾಪಿನಿಂದ ನಿಧಾನವಾಗಿ ಇಳಿಸಬೇಕು.

ಈಗ ಶಾಂಪೂ. ಮನೆಯಲ್ಲಿ ಸಿಗುವ ಸಾಬೂನುಗಳಲ್ಲಿ ಯಾವುದನ್ನು ಯಾಕೆ ಬಿಡಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ.

ಬಟ್ಟೆ ಒಗೆಯುವ ಪುಡಿಯಲ್ಲಿ ವಾಷಿಂಗ್ ಸೋಡಾ ಇರುತ್ತದೆ. ಅದರ ದ್ರಾವಣದ ಪಿಎಚ್ 10ರ ಆಸುಪಾಸು (7 ಅಂದರೆ ತಟಸ್ಥ, ಅದಕ್ಕಿಂತ ಮೇಲೆ ಕ್ಷಾರ). ಬಣ್ಣದ ಮೇಲೆ ಹಚ್ಚಿದ ಮೇಣದ, ಅಂದರೆ ವ್ಯಾಕ್ಸಿನ, ಪದರ ಹೋಗುತ್ತದೆ, ರಬ್ಬರ್ ಬೀಡಿಂಗ್ ಬಿಳಿಚುತ್ತದೆ, ಬರಿ ಅಲ್ಯೂಮಿನಿಯಂ ಪಟ್ಟಿಗಳು ಮಂಕಾಗುತ್ತವೆ. ಕರಗದೆ ಉಳಿದ ಪುಡಿಯ ಹರಳು ಬಟ್ಟೆಗೆ ಸಿಕ್ಕಿಕೊಂಡರೆ ಅದೂ ಗೀರುತ್ತದೆ. ಬಾರ್ ಸೋಪು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಅಂಟಂಟಾದ ಬಿಳಿ ಕೆನೆಯಾಗುತ್ತದೆ, ಬಕೆಟಿನ ಒಳಗೋಡೆಗೆ ಹಿಡಿಯುವ ಆ ಕೆನೆಯೇ ಕಾರಿಗೂ ಹಿಡಿಯುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಹಲವು ಲಿಕ್ವಿಡ್‌ಗಳ ಪಿಎಚ್ ತಟಸ್ಥಕ್ಕೆ ಹತ್ತಿರವೇ ಇರುತ್ತದೆ, ಅದು ಬಣ್ಣವನ್ನು ತಿನ್ನುತ್ತದೆ ಅನ್ನುವುದು ಸರಿಯಲ್ಲ. ತೊಂದರೆ ಬೇರೆ ಕಡೆಯಿದೆ: ಅದು ಜಿಡ್ಡು ಎಳೆಯಲೆಂದೇ ಮಾಡಿದ್ದು, ವ್ಯಾಕ್ಸನ್ನು ಬೇಗ ತೆಗೆಯುತ್ತದೆ, ಬಟ್ಟೆ ಜಾರಲು ಬೇಕಾದ ನುಣುಪು ಅದರಲ್ಲಿ ಸಾಲದು. ಹಳೆಯ ವ್ಯಾಕ್ಸ್ ಪೂರ್ತಿ ಕಿತ್ತು ಹೊಸದು ಹಾಕುವ ದಿನ ಅದನ್ನು ಬಳಸಬಹುದು, ವಾರವಾರ ಬೇಡ.

ಕಾರಿನ ಶಾಂಪೂ ಕೊಳ್ಳುವಾಗ ಬಾಟಲಿಯ ಹಿಂಬದಿ ಓದಿ. ಪಿಎಚ್ 6ರಿಂದ 8ರ ಒಳಗೆ ಅಂತಿರಬೇಕು, ಎಷ್ಟು ನೀರಿಗೆ ಎಷ್ಟು ಅನ್ನುವ ಪ್ರಮಾಣವೂ ಸ್ಪಷ್ಟವಾಗಿರಬೇಕು. ಪ್ರಮಾಣವೇ ಬರೆಯದ ಬಾಟಲಿಯನ್ನು ಅಲ್ಲೇ ಬಿಡಿ. ಬೆಲೆ ಹೋಲಿಸಬೇಕಾದ್ದೂ ಈ ಪ್ರಮಾಣದಿಂದಲೇ. 1:100 ಅಂತಿರುವ ಶಾಂಪೂ ಹತ್ತು ಲೀಟರ್ ಬಕೆಟಿಗೆ 100 ಮಿಲಿ ಬೇಕು, 1:500 ಅಂತಿರುವುದು 20 ಮಿಲಿಯಲ್ಲಿ ಮುಗಿಯುತ್ತದೆ. ಒಂದು ಲೀಟರಿನಲ್ಲಿ ಮೊದಲನೆಯದು ಹತ್ತು ಬಕೆಟ್ ಆದರೆ ಎರಡನೆಯದು ಐವತ್ತು. ಎರಡನೆಯದಕ್ಕೆ ಮೂರು ಪಟ್ಟು ಬೆಲೆಯಿದ್ದರೂ ಲಾಭವೇ.

ಅಳತೆಗೆ ಮಕ್ಕಳ ಔಷಧಿಯ ಪುಟ್ಟ ಕಪ್ ಚೆನ್ನಾಗಿ ಆಗುತ್ತದೆ. ಅಂದಾಜಿನಲ್ಲಿ ಸುರಿದರೆ ಹೆಚ್ಚು ಮಂದಿಗೆ ಜಾಸ್ತಿಯೇ ಆಗುತ್ತದೆ. ಜಾಸ್ತಿಯಾದರೆ ತೊಳೆಯಲು ನೀರು ಹೆಚ್ಚು ಬೇಕು, ಗಾಜಿನ ಮೇಲೆ ಮಸುಕು ಪಟ್ಟೆ ಉಳಿಯುತ್ತದೆ, ಆಮೇಲೆ ಅದನ್ನು ತೆಗೆಯಲೆಂದು ಒಣ ಬಟ್ಟೆಯಲ್ಲಿ ಉಜ್ಜುವ ಕೆಲಸ ಬರುತ್ತದೆ. ಕಡಿಮೆಯಾದರೆ ಬಟ್ಟೆ ತಡೆದು ತಡೆದು ಸಾಗುತ್ತದೆ, ಅದು ಇನ್ನೂ ಕೆಟ್ಟದು. ಬಕೆಟಿಗೆ ಕೈ ಅದ್ದಿ ಹೆಬ್ಬೆರಳು ತೋರುಬೆರಳು ಉಜ್ಜಿ ನೋಡಿ. ಬೆರಳು ಸಲೀಸಾಗಿ ಜಾರಬೇಕು. ಸುರಂಗದ ನೀರಿನಂಥ ಮೆದು ನೀರಿಗೆ ಬಾಟಲಿಯಲ್ಲಿ ಬರೆದ ಕನಿಷ್ಠ ಪ್ರಮಾಣ ಸಾಕು. ಗಡಸು ನೀರಿಗೆ ಕಾಲು ಪಾಲು ಹೆಚ್ಚು ಹಾಕಿ.

ವ್ಯಾಕ್ಸ್ ಸೇರಿಸಿದ ಶಾಂಪೂ ಬೇಕೇ? ಬರಿ ಬಣ್ಣದ ಕಾರಿಗೆ, ಮಳೆಗಾಲದ ಮೊದಲು ತಿಂಗಳಿಗೊಮ್ಮೆ ಆದರೆ ಒಳ್ಳೆಯದೇ, ನೀರು ಹನಿಯಾಗಿ ಉರುಳುತ್ತದೆ. ಬಿಸಿಲಲ್ಲಿ ಬಳಸಿದರೆ ಪಟ್ಟೆ ಕಟ್ಟುತ್ತದೆ. ಸೆರಾಮಿಕ್ ಕೋಟಿಂಗ್ ಮಾಡಿಸಿದ ಕಾರಿಗೆ ಏನೂ ಸೇರಿಸದ ಸಾದಾ ಪಿಎಚ್ ತಟಸ್ಥ ಶಾಂಪೂವೇ ಸರಿ. ಕೋಟಿಂಗಿನ ಮೇಲೆ ಬೇರೆ ಪದರ ಕೂತರೆ ನೀರು ಜಾರುವ ಗುಣ ಮಂಕಾಗಿ, ಕೋಟಿಂಗ್ ಹೋಯಿತೇನೋ ಅನ್ನಿಸುತ್ತದೆ.

ಐದು ಲೀಟರ್ ಕ್ಯಾನಿನಲ್ಲಿ ಅಗ್ಗಕ್ಕೆ ಸಿಗುವ ಫೋಮ್ ವಾಷ್‌ಗಳಲ್ಲಿ ಎಷ್ಟೋ ಲಾರಿ, ಬಸ್ಸುಗಳ ಗ್ರೀಸಿಗೆಂದು ಮಾಡಿದ ಕ್ಷಾರೀಯ ದ್ರಾವಣಗಳು. ಪಿಎಚ್ ಕಾಗದದ ಪಟ್ಟಿ ಅದ್ದಿದರೆ ಕಡುನೀಲಿ ಬರುತ್ತದೆ. ಚಕ್ರದ ಒಳಗಿನ ಗೂಡಿಗೆ, ಚಾಸಿಗೆ ಸರಿ, ಬಣ್ಣಕ್ಕೆ ಬೇಡ.

ನೊರೆ ಹೊಡೆಯುವ ಫೋಮ್ ಗನ್ ಇದ್ದವರು ಅದನ್ನು ತೊಳೆಯುವ ಮೊದಲಿನ ಹಂತಕ್ಕೆ ಇಟ್ಟುಕೊಳ್ಳಿ. ಒಂದು ಲೀಟರ್ ಬಾಟಲಿಗೆ 50ರಿಂದ 100 ಮಿಲಿ ಶಾಂಪೂ, ಉಳಿದದ್ದು ನೀರು. ಹೊಡೆದು ಮೂರರಿಂದ ಐದು ನಿಮಿಷ ಬಿಟ್ಟು ನೀರಿನಲ್ಲಿ ಇಳಿಸಬೇಕು, ಒಣಗಲು ಬಿಡಬಾರದು. ಮಣ್ಣಿನ ಅರ್ಧ ಭಾಗ ಮುಟ್ಟದೆಯೇ ಹೋದರೆ ಅಷ್ಟರಮಟ್ಟಿಗೆ ಗೀರು ಕಡಿಮೆ.

ಶಾಂಪೂ ಮಾಡಲಾರದ ಕೆಲಸಗಳೂ ಇವೆ. ಅಡಿಕೆ ತೋಟದ ಪಕ್ಕ ಕಾರು ನಿಲ್ಲಿಸುವವರಿಗೆ ಜೂನ್‌, ಜುಲೈಯಲ್ಲಿ ಮದ್ದು ಬಿಡುವಾಗ ಬೀಳುವ ನೀಲಿ ಬಿಳಿ ಚುಕ್ಕೆಗಳು ಗೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಮಾಡುವ ಬೋರ್ಡೋ ದ್ರಾವಣ ಎಲೆಗೆ ಅಂಟಿ ನಿಲ್ಲಲೆಂದೇ ಇರುವುದು. ಕಾರಿಗೂ ಹಾಗೆಯೇ ಅಂಟುತ್ತದೆ. ಅದು ಒಣಗುವ ಮೊದಲು ನೀರು ಬಿಟ್ಟರೆ ಪೂರ್ತಿ ಹೋಗುತ್ತದೆ. ಒಣಗಿದರೆ ಉಗುರಿನಲ್ಲಿ ಕೆರೆಯಬೇಡಿ. ಬಿಳಿ ವಿನೆಗರಿಗೆ ಸಮ ಪ್ರಮಾಣದ ನೀರು ಸೇರಿಸಿ, ಹತ್ತಿ ಅದ್ದಿ ಚುಕ್ಕೆಯ ಮೇಲೆ ಒಂದೆರಡು ನಿಮಿಷ ಇಡಿ, ಸುಣ್ಣ ಕರಗುತ್ತದೆ. ಕೂಡಲೇ ನೀರಿನಲ್ಲಿ ತೊಳೆದು ಮತ್ತೆ ಶಾಂಪೂ ಹಾಕಬೇಕು. ಗಡಸು ನೀರಿನ ಹಳೆಯ ಕಲೆಗೂ ಇದೇ ಮದ್ದು. ಬಿಸಿಯಾದ ಬಾನೆಟ್ ಮೇಲೆ ಮಾತ್ರ ಇದನ್ನು ಮಾಡಬಾರದು. ಹಲಸಿನ ಮೇಣಕ್ಕೆ ತೆಂಗಿನೆಣ್ಣೆ. ಹಣ್ಣು ಕೊಯ್ಯುವಾಗ ಕೈಗೆ ಹಚ್ಚುವ ಅದೇ ಎಣ್ಣೆ ಕಾರಿನ ಮೇಲೂ ಕೆಲಸ ಮಾಡುತ್ತದೆ, ಹೊಸ ರಸ್ತೆಯಿಂದ ಸಿಡಿದ ಟಾರನ್ನೂ ಮೆತ್ತಗೆ ಮಾಡುತ್ತದೆ. ಹಚ್ಚಿ ಹತ್ತು ನಿಮಿಷ ಬಿಟ್ಟು ಮೆಲ್ಲಗೆ ಒರೆಸಿ, ಜಿಡ್ಡನ್ನು ಶಾಂಪೂವಿನಲ್ಲಿ ತೆಗೆಯಿರಿ.

ತೊಳೆಯುವ ಕ್ರಮ ಎಲ್ಲರಿಗೂ ಸುಮಾರಾಗಿ ಗೊತ್ತಿರುವುದೇ. ಮೊದಲು ಬರಿ ನೀರು, ಕೆಳಗೆ ಇಳಿಯುವ ನೀರಿನ ಕೆಂಪು ನಿಲ್ಲುವವರೆಗೆ. ಪ್ರೆಷರ್ ವಾಷರ್ ಆದರೆ ಮೂತಿಯನ್ನು ಬಣ್ಣದಿಂದ ಒಂದಡಿಗಿಂತ ಹತ್ತಿರ ತರಬೇಡಿ. ಎರಡು ಬಕೆಟ್ ಬೇಕು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿ ನೀರು. ಒಂದೊಂದು ಭಾಗ ಉಜ್ಜಿದ ಮೇಲೂ ಕೈಗವಸನ್ನು ಬರಿ ನೀರಿನಲ್ಲಿ ಜಾಲಾಡಿ ಆಮೇಲೆ ಶಾಂಪೂವಿಗೆ ಅದ್ದಬೇಕು. ಸ್ಪಂಜು ಬೇಡ, ಅದರ ಚಪ್ಪಟೆ ಮೈಯಲ್ಲಿ ಕಣಕ್ಕೆ ಒಳಗೆ ಸರಿಯಲು ಜಾಗವಿಲ್ಲ, ಬಣ್ಣಕ್ಕೂ ಸ್ಪಂಜಿಗೂ ನಡುವೆಯೇ ಉರುಳುತ್ತದೆ. ಉದ್ದ ಎಳೆಗಳ ಮೈಕ್ರೋಫೈಬರ್ ಕೈಗವಸಿನಲ್ಲಿ ಕಣ ಎಳೆಗಳ ಬುಡಕ್ಕೆ ಹೋಗುತ್ತದೆ. ಟಾಪಿನಿಂದ ಕೆಳಗೆ ಬನ್ನಿ, ನೇರ ಗೆರೆಯಲ್ಲಿ, ಬಾಗಿಲಿನ ಕೆಳಗಿನ ಮೂರನೆಯ ಒಂದು ಭಾಗ ಕೊನೆಗೆ. ಚಕ್ರಕ್ಕೆ ಬೇರೆಯೇ ಬಟ್ಟೆ.

ಇನ್ನು ಒರೆಸುವ ಬಟ್ಟೆ. ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ, ಶಾಂಪೂವಿನಲ್ಲಿ ಉಳಿಸಿ.

ನಮ್ಮ ಕಡೆ ಎಲ್ಲ ಮನೆಯಲ್ಲೂ ಹಳೆಯ ಬೈರಾಸು, ಅಂದರೆ ಮೈ ಒರೆಸುವ ತೆಳು ಬಟ್ಟೆ, ಇರುತ್ತದೆ, ಕಾರು ಒರೆಸಲು ಮೊದಲು ಕೈಗೆ ಸಿಗುವುದೂ ಅದೇ. ಹತ್ತಿಯಾದ್ದರಿಂದ ನೀರು ಹೀರುತ್ತದೆ, ಬೇಗ ಒಣಗುತ್ತದೆ, ಆದರೆ ಅದರ ನೇಯ್ಗೆ ತೆಳು ಮತ್ತು ಚಪ್ಪಟೆ. ತೊಳೆಯುವಾಗ ತಪ್ಪಿಸಿಕೊಂಡ ಒಂದು ಮರಳಿನ ಕಣ ಇದ್ದರೂ ಬೈರಾಸು ಅದನ್ನು ಬಣ್ಣಕ್ಕೆ ಒತ್ತಿ ಎಳೆಯುತ್ತದೆ. ಬಾಗಿಲು ತೆರೆದಾಗ ಕಾಣುವ ಚೌಕಟ್ಟಿಗೆ, ಇಂಜಿನ್ ಮುಚ್ಚಳದ ಒಳಬದಿಗೆ, ಚಕ್ರಕ್ಕೆ ಅದು ಬಹಳ ಒಳ್ಳೆಯದು. ಹೊರಮೈಗೆ ಬೇಡ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸುತ್ತಿ ಬರುವ ಹಳದಿ ಶ್ಯಾಮಿ ಬಟ್ಟೆಯದ್ದೂ ಇದೇ ತೊಂದರೆ. ಅದು ಪಿವಿಎ ಎಂಬ ಸಿಂಥೆಟಿಕ್ ವಸ್ತು. ಒಣಗಿದರೆ ರಟ್ಟಿನಂತೆ ಗಟ್ಟಿ, ನೆನೆಸಿ ಹಿಂಡಿದರೆ ಒಂದೇ ಸಲಕ್ಕೆ ಬಹಳ ನೀರು ಎಳೆಯುತ್ತದೆ. ಗಾಜಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬಣ್ಣದ ಮೇಲೆ ಅದು ಅಂಟಿಕೊಂಡು ಎಳೆಯುತ್ತದೆ, ಕಣ ಅಡಗಲು ಜಾಗವಿರುವುದಿಲ್ಲ.

ಹೊರಮೈಗೆ ಮೈಕ್ರೋಫೈಬರ್. ಇದು ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್, ಅಂದರೆ ನೈಲಾನ್, ಎರಡರ ಮಿಶ್ರಣ. 80:20 ಸಾಮಾನ್ಯ, 70:30 ಮೇಲ್ಮಟ್ಟದ್ದು. ಎಳೆಗಳನ್ನು ತಯಾರಿಕೆಯಲ್ಲಿ ಸೀಳಿರುತ್ತಾರೆ, ಆ ಸೀಳುಗಳ ಸಂದಿಯಲ್ಲಿ ನೀರು ಏರಿ ನಿಲ್ಲುತ್ತದೆ. ಸೀಳದ ಅಗ್ಗದ ಬಟ್ಟೆ ನೋಡಲು ಹಾಗೆಯೇ ಇರುತ್ತದೆ, ನೀರನ್ನು ಮಾತ್ರ ಹೀರದೆ ಮುಂದೆ ತಳ್ಳುತ್ತದೆ. ಅಂಗಡಿಯಲ್ಲೇ ನೋಡಬಹುದು: ಒಣ ಅಂಗೈ ಮೇಲೆ ಮೆಲ್ಲಗೆ ಎಳೆದರೆ ಚರ್ಮಕ್ಕೆ ಸ್ವಲ್ಪ ಕಚ್ಚಿಕೊಳ್ಳಬೇಕು. ನುಣ್ಣಗೆ ಜಾರಿ ಹೋದರೆ ಬಿಡಿ.

ಆಮೇಲೆ ಜಿಎಸ್‌ಎಂ, ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಂಗಳಲ್ಲಿ. ಆನ್‌ಲೈನ್ ಮಾರಾಟದಲ್ಲಿ ಈ ಅಂಕಿಯನ್ನು ಬೇಕಾದಂತೆ ಬರೆಯುವವರಿದ್ದಾರೆ. ಅಡುಗೆಮನೆಯ ತಕ್ಕಡಿಯಲ್ಲಿ ನೀವೇ ತೂಗಿ ನೋಡಬಹುದು. ಉದ್ದ ಅಗಲವನ್ನು ಮೀಟರಿನಲ್ಲಿ ಗುಣಿಸಿ, ಬರೆದ ಜಿಎಸ್‌ಎಂನಿಂದ ಮತ್ತೆ ಗುಣಿಸಿ. 60 ಸೆಂಟಿಮೀಟರ್ ಅಗಲ 90 ಸೆಂಟಿಮೀಟರ್ ಉದ್ದದ, 600 ಜಿಎಸ್‌ಎಂ ಎಂದು ಮಾರಿದ ಟವೆಲ್ ಸುಮಾರು 324 ಗ್ರಾಂ ತೂಗಬೇಕು. 40 ಸೆಂಟಿಮೀಟರ್ ಚೌಕದ 400 ಜಿಎಸ್‌ಎಂ ಬಟ್ಟೆ 64 ಗ್ರಾಂ. 324 ಇರಬೇಕಾದ್ದು 200 ತೂಗಿದರೆ ವಾಪಸು ಕಳಿಸಿ.

ಹೆಣಿಗೆಯಲ್ಲಿ ಮೂರು ಬಗೆ ಸಿಗುತ್ತವೆ. ಗುಳಿಗುಳಿ ಚೌಕಗಳಿರುವ ವಾಫಲ್ ನೇಯ್ಗೆ 300ರಿಂದ 400 ಜಿಎಸ್‌ಎಂ, ಹಗುರ, ಬೇಗ ಒಣಗುತ್ತದೆ. ಮೆತ್ತನೆಯ ಪ್ಲಶ್ ಬಟ್ಟೆ ಬಣ್ಣಕ್ಕೆ ಹಿತ, ಆದರೆ ಬೇಗ ತೊಯ್ದು ಭಾರವಾಗುತ್ತದೆ. ತಿರುಚಿದ ಎಳೆಗಳ ಟ್ವಿಸ್ಟೆಡ್ ಲೂಪ್ 500ರಿಂದ 1200ರವರೆಗೂ ಬರುತ್ತದೆ, ಒಂದೇ ಟವೆಲ್ ಸಣ್ಣ ಕಾರನ್ನು ಪೂರ್ತಿ ಒರೆಸಬಲ್ಲದು. ಎಲ್ಲರೂ ಹೊಗಳುವುದು ಈ ಮೂರನೆಯದನ್ನು, ಒರೆಸುವ ಕೆಲಸದಲ್ಲಿ ಅದೇ ಮೇಲು ಎನ್ನುವುದೂ ನಿಜ. ಆದರೆ ಜುಲೈ ತಿಂಗಳಲ್ಲಿ 1200 ಜಿಎಸ್‌ಎಂ ಟವೆಲನ್ನು ಒಣಗಿಸುವುದು ಎಲ್ಲಿ? ಮೂರು ದಿನವಾದರೂ ಒಳಗೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಬಟ್ಟೆ ಒಣಗಿಸುವ ಯಂತ್ರ ಇಲ್ಲದ ಮನೆಗೆ ನನ್ನ ಸಲಹೆ 500ರಿಂದ 600 ಜಿಎಸ್‌ಎಂನ ಟ್ವಿಸ್ಟೆಡ್ ಲೂಪ್ ದೊಡ್ಡದು ಒಂದು, ಕನ್ನಡಿ, ಹಿಡಿಕೆ, ಸಂದಿಗಳಿಗೆ 40 ಸೆಂಟಿಮೀಟರ್ ಚೌಕದ ವಾಫಲ್ ಎರಡು. ಮಳೆಗಾಲಕ್ಕೆ ದೊಡ್ಡದನ್ನು ಒಳಗಿಟ್ಟು ವಾಫಲ್‌ಗಳಲ್ಲೇ ಮುಗಿಸಿದರೂ ನಡೆಯುತ್ತದೆ.

ಅಂಚನ್ನು ಮರೆಯಬೇಡಿ. ಒರಟು ನೂಲಿನಲ್ಲಿ ಹೊಲಿದ ಅಂಚು, ತುದಿಯಲ್ಲಿ ಹೊಲಿದ ಲೇಬಲ್, ಎರಡೂ ಗೀರುತ್ತವೆ. ಲೇಬಲನ್ನು ಬುಡದಲ್ಲೇ ಕತ್ತರಿಸಿ. ಮೆದು ಪಟ್ಟಿ ಸುತ್ತಿದ ಅಂಚಿನದ್ದನ್ನು ಆರಿಸಿ.

ಒರೆಸುವ ಕೆಲಸ ಅರ್ಧ ಮುಗಿಯುವುದು ನೀರಿನಲ್ಲೇ. ಕೊನೆಯ ಸುತ್ತಿಗೆ ಪೈಪಿನ ಮೂತಿ ತೆಗೆದು, ನೀರನ್ನು ಚಿಮ್ಮಿಸದೆ ಟಾಪಿನ ಅಂಚಿನಿಂದ ಧಾರೆಯಾಗಿ ಹರಿಯಬಿಡಿ. ಹನಿಹನಿಯಾಗಿ ಕೂತ ನೀರು ಆ ಧಾರೆಗೆ ಸೇರಿ ಒಟ್ಟಿಗೇ ಇಳಿದುಬಿಡುತ್ತದೆ, ವ್ಯಾಕ್ಸ್ ಇರುವ ಕಾರಿನಲ್ಲಂತೂ ಉಳಿಯುವುದು ಅಲ್ಪ. ಆಮೇಲೆ ಟವೆಲನ್ನು ಮುದ್ದೆ ಮಾಡದೆ ಬಿಡಿಸಿ, ಟಾಪಿನ ಮೇಲೆ ಹಾಸಿ, ಎರಡು ಮೂಲೆ ಹಿಡಿದು ನಿಮ್ಮ ಕಡೆ ಎಳೆಯಿರಿ. ಕೈ ಒತ್ತುವುದು ಬೇಡ, ಟವೆಲಿನ ಸ್ವಂತ ಭಾರವೇ ಸಾಕು. ಪೂರ್ತಿ ಒಣಗಿದ ಟವೆಲಿಗಿಂತ ಒಮ್ಮೆ ನೆನೆಸಿ ಗಟ್ಟಿಯಾಗಿ ಹಿಂಡಿದ್ದು ಬೇಗ ಹೀರುತ್ತದೆ. ಟಾಪು, ಗಾಜುಗಳು, ಬಾನೆಟ್, ಡಿಕ್ಕಿ, ಆಮೇಲೆ ಬದಿಗಳು. ಸಮತಟ್ಟಾದ ಜಾಗದಲ್ಲಿ ನೀರು ನಿಂತು ಕಲೆಯಾಗುವುದರಿಂದ ಮೇಲ್ಮೈ ಮೊದಲು. ಬದಿ ಒರೆಸುವಾಗ ಕೆಂಪು ಛಾಯೆ ಟವೆಲಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ, ಆ ಭಾಗ ಸರಿಯಾಗಿ ತೊಳೆದಿಲ್ಲ ಎಂದರ್ಥ. ಮತ್ತೆ ನೀರು, ಮತ್ತೆ ಶಾಂಪೂ, ಬೇರೆ ಟವೆಲ್.

ಪಕ್ಕದ ಕನ್ನಡಿಯ ಒಳಗೆ, ಹಿಡಿಕೆಯ ಹಿಂದೆ ಸೇರಿದ ನೀರು ಕಾರು ಹೊರಟ ಮೇಲೆ ಗೆರೆಯಾಗಿ ಇಳಿಯುತ್ತದೆ. ಗಾಳಿ ಊದುವ ಬ್ಲೋವರ್ ಇದ್ದರೆ ಅಲ್ಲಿಗೆ ಊದಿ, ಇಲ್ಲವಾದರೆ ಐದು ನಿಮಿಷ ಬಿಟ್ಟು ಸಣ್ಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ನಿಲ್ಲಿಸುವ ಮೊದಲು ಸ್ವಲ್ಪ ದೂರ ಓಡಿಸಿ ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಡಿಸ್ಕಿನ ನೀರೂ ಆರುತ್ತದೆ.

ಟವೆಲ್ ಒಗೆಯುವುದರಲ್ಲಿ ಮಾಡುವ ತಪ್ಪಿನಿಂದಲೇ ಒಳ್ಳೆಯ ಟವೆಲ್‌ಗಳು ಹೆಚ್ಚಾಗಿ ಹಾಳಾಗುತ್ತವೆ. ಹತ್ತಿ ಬಟ್ಟೆಗಳ ಜೊತೆ ಹಾಕಿದರೆ ಹತ್ತಿಯ ಜುಂಗು ಪೂರ್ತಿ ಮೈಕ್ರೋಫೈಬರಿಗೆ ಅಂಟುತ್ತದೆ. ಪರಿಮಳಕ್ಕೆಂದು ಕೊನೆಯಲ್ಲಿ ಹಾಕುವ ಫ್ಯಾಬ್ರಿಕ್ ಕಂಡೀಷನರ್ ಎಳೆಗಳ ಮೇಲೆ ಜಿಡ್ಡಿನ ಪದರ ಕಟ್ಟಿ ನೀರು ಹೀರುವುದನ್ನೇ ನಿಲ್ಲಿಸುತ್ತದೆ. ಬ್ಲೀಚ್ ಬೇಡ, ಇಸ್ತ್ರಿ ಬೇಡವೇ ಬೇಡ. ದ್ರವ ಡಿಟರ್ಜೆಂಟ್ ಸ್ವಲ್ಪ, ನೀರು 40 ಡಿಗ್ರಿ ಸೆಲ್ಸಿಯಸ್ ದಾಟದಂತೆ, ಜಾಲಾಡುವುದು ಒಂದು ಸಲ ಹೆಚ್ಚು. ಹೀರುವುದು ಕಡಿಮೆಯಾಗಿದೆ ಅನ್ನಿಸಿದರೆ ಅರ್ಧ ಬಕೆಟ್ ನೀರಿಗೆ ಅರ್ಧ ಕಪ್ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಾಡಿ ನೋಡಿ. ಬೋರ್‌ವೆಲ್ ನೀರಿನಲ್ಲಿ ಒಗೆದು ಒರಟಾದ ಟವೆಲ್ ಇದರಿಂದ ಎಷ್ಟೋ ಸಲ ಸರಿಹೋಗುತ್ತದೆ.

ಒಣಗಿಸುವುದು ನೆರಳಲ್ಲಿ, ಗಾಳಿಗೆ. ಅಡಿಕೆ ಹರಡಿದ ಅಂಗಳದ ಮೇಲಿನ ಹಗ್ಗ ಬೇಡ, ಅಡಿಕೆ ಮಗುಚುವಾಗ ಏಳುವ ಧೂಳು ನೇರ ಟವೆಲಿಗೇ ಬರುತ್ತದೆ. ಮಳೆಗಾಲದಲ್ಲಿ ಯಂತ್ರದಲ್ಲಿ ಎರಡು ಸಲ ಸ್ಪಿನ್ ಮಾಡಿ ಫ್ಯಾನಿನ ಕೆಳಗೆ ಬಿಡಿಸಿ ಹಾಕಿ. ಪೂರ್ತಿ ಒಣಗಿದ ಮೇಲೆ ಮುಚ್ಚಳವಿರುವ ಡಬ್ಬಿಗೆ. ಕಾರಿನ ಡಿಕ್ಕಿಯಲ್ಲಿ ಹಾಗೇ ತುರುಕಿಟ್ಟ ಟವೆಲ್ ಮುಂದಿನ ಸಲ ಧೂಳಿನ ಬಟ್ಟೆಯೇ. ನೆಲಕ್ಕೆ ಬಿದ್ದದ್ದನ್ನು ಕೊಡವಿ ಮತ್ತೆ ಬಳಸಬಾರದು, ಒಗೆದೇ ಬಳಸಬೇಕು. ಎಳೆಗಳು ಗಂಟುಗಂಟಾಗಿ ಗಟ್ಟಿಯಾದಾಗ, ಕೆನ್ನೆಗೆ ಸವರಿದರೆ ಚುಚ್ಚಿದಂತೆ ಅನ್ನಿಸಿದಾಗ ಅದನ್ನು ಬಾಗಿಲ ಚೌಕಟ್ಟಿಗೆ ಇಳಿಸಿ, ಅಲ್ಲೂ ಸವೆದ ಮೇಲೆ ಚಕ್ರಕ್ಕೆ. ಮೂಲೆಗೆ ಮಾರ್ಕರಿನಲ್ಲಿ ಗುರುತು ಹಾಕಿಟ್ಟರೆ ಮನೆಯಲ್ಲಿ ಬೇರೆ ಯಾರು ಕಾರು ತೊಳೆದರೂ ಚಕ್ರದ ಬಟ್ಟೆ ಬಾನೆಟ್ ಮೇಲೆ ಬರುವುದಿಲ್ಲ.